ಗಂಟು ಹಾಕಿ ತೋರಿಸಿದವನಿಗೇ ಏಣಿ

ಬೆಳಿಗ್ಗೆ ಆರೂವರೆ. ಬಾಳೂರಿನ ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಮರಗಳ ತುದಿ ಇನ್ನೂ ಮಂಜಿನಲ್ಲೇ ಇದೆ. ಬುಡದಲ್ಲಿ ತಲೆಗೆ ಮಫ್ಲರ್ ಸುತ್ತಿಕೊಂಡು ನಿಂತಿದ್ದಾರೆ ಮೇಸ್ತ್ರಿ ದೇವರಾಜ. ಕೈಯಲ್ಲೊಂದು ಮಾರುದ್ದದ ಹಗ್ಗ. ಮರಕ್ಕೆ ಹಬ್ಬಿದ ಬಳ್ಳಿಯ ಕಾಳುಮೆಣಸು ಕೊಯ್ಯಲು ಬಂದ ಹನ್ನೊಂದು ಹುಡುಗರೂ ಒಬ್ಬೊಬ್ಬರಾಗಿ ಬಂದು, ಏಣಿಯನ್ನು ಮರಕ್ಕೆ ಬಿಗಿಯುವ ಗಂಟನ್ನು ಅದರಲ್ಲಿ ಹಾಕಿ ತೋರಿಸಬೇಕು. ಆಮೇಲೇ ಏಣಿ.

"ಬಾಯಿ ಮೂಸಿ ನೋಡೋ ಚಟ ನಂಗಿಲ್ಲ ಮಾರಾಯ್ರೆ. ಏಲಕ್ಕಿ ಅಗಿದು ಬಂದ್ರೆ ವಾಸನೆ ಎಲ್ಲಿ ಬರ್ತದೆ? ಕೈ ನೋಡ್ತೀನಿ. ಗಾಂಜಾ ಎಳೆದವನು ಎರಡನೇ ಸುತ್ತು ಮರೀತಾನೆ" ಎಂದು ನಗುತ್ತಾರೆ.

ನಗುವ ಮಾತೇನಲ್ಲ ಬಿಡಿ. ಒಂಟಿ ಬಿದಿರಿನ ಏಣಿ, ಮೂವತ್ತು ಅಡಿ ಎತ್ತರ. ಮೇಲೇರಿದವನು ಮೊದಲು ಅದರ ತುದಿಯನ್ನು ಮರಕ್ಕೆ ಕಟ್ಟಬೇಕು. ಆರು ವರ್ಷದ ಹಿಂದೆ, ತೊಂಬತ್ತೆಂಟರ ಕೊಯ್ಲಿನಲ್ಲಿ, ದೇವರಾಜರ ತಮ್ಮ ಜವರಯ್ಯ ಅದನ್ನೇ ಮರೆತ, ಏಣಿ ಜಾರಿ ಬಿದ್ದ. ಆಗವನಿಗೆ ಇಪ್ಪತ್ತೆರಡು. ಚಳಿಗೆ ಬೆರಳು ಮರಗಟ್ಟದಿರಲಿ ಎಂದು ಒಂದು ದಮ್ಮು ಗಾಂಜಾ ಎಳೆದು ಏರುವುದು ಆ ಗುಂಪಿನ ರೂಢಿಯಾಗಿತ್ತು.

"ಅವತ್ತು ಗಾಂಜಾ ಸುತ್ತಿ ಕೊಟ್ಟವನೇ ನಾನು. ಎಳೆದ್ರೆ ಹೆದರಿಕೆ ಹೋಗ್ತದೆ ಅಂದ್ಕೊಂಡಿದ್ವಿ. ಏಣಿ ಮೇಲೆ ಹೆದರಿಕೆ ಇರ್ಲೇಬೇಕು ಅಂತ ಗೊತ್ತಿರ್ಲಿಲ್ಲ ನಮ್ಗೆ" ಎನ್ನುತ್ತಾರೆ ದೇವರಾಜ.

ಸೊಂಟ ಮುರಿದ ಜವರಯ್ಯ ಈಗ ಕೋಲೂರಿಕೊಂಡು ಕಣದಲ್ಲಿ ಮೆಣಸು ಒಣಗಿಸುತ್ತಾನೆ. ಅಣ್ಣನನ್ನು ಒಂದು ದಿನವೂ ಬೈದಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು ಎಂಬುದೇ ದೇವರಾಜರ ಸಂಕಟ. ಅಂದಿನಿಂದ ಅವರು ಗಾಂಜಾ ಮುಟ್ಟಿಲ್ಲ. ಗಂಟಿನ ಪರೀಕ್ಷೆಯನ್ನು ತಪ್ಪಿಸಿಲ್ಲ.

ತಮ್ಮನನ್ನು ನೋಡಿದ ಡಾಕ್ಟರು ಹೇಳಿದ್ದು ಅವರಿಗೆ ಬಾಯಿಪಾಠ. ಇಪ್ಪತ್ತೈದರವರೆಗೂ ಮಿದುಳು ಬಲಿಯುತ್ತಲೇ ಇರುತ್ತದಂತೆ. ಆ ವಯಸ್ಸಿನಲ್ಲಿ ದಿನಾ ಹೊಗೆ ಕುಡಿದರೆ ನೆನಪು ಮಂಕು, ಗಮನ ಚಂಚಲ, ಎದೆಯಲ್ಲಿ ಕೆಮ್ಮು. ಕೆಲವರಿಗಂತೂ ಇಲ್ಲದ ದನಿ ಕೇಳಿಸಿ ಬುದ್ಧಿಯೇ ಕದಡುವುದುಂಟು. "ಎಳೆ ಕಾಳುಮೆಣಸಿನ ಗೊಂಚಲಿಗೆ ಹೊಗೆ ಹಾಕಿದ್ರೆ ಕಾಳು ತುಂಬ್ತದಾ?" ಎಂದು ಹುಡುಗರನ್ನು ಕೇಳುತ್ತಾರೆ.

ಈ ಸಲದ ತಲೆನೋವು ಪ್ರಶಾಂತ್. ಪಕ್ಕದ ಸಣ್ಣ ಹಿಡುವಳಿದಾರ ತಿಮ್ಮಪ್ಪನವರ ಮಗ, ಇಪ್ಪತ್ತೊಂದು ವರ್ಷ. ತಿಂಗಳ ಹಿಂದೆ ಗಾಂಜಾ ಎಳೆದು ಗಂಟು ಹಾಕಲು ಬಂದವನು ಹಗ್ಗವನ್ನೇ ನೋಡುತ್ತಾ ನಿಂತುಬಿಟ್ಟಿದ್ದ. ಜಮೀನಿದ್ದವರ ಮಗ ಎಂದು ದೇವರಾಜ ಮುಲಾಜು ನೋಡಲಿಲ್ಲ; ನೆಲದ ಮೇಲೆ ಏಣಿ ಹಿಡಿಯಲು ನಿಲ್ಲಿಸಿದರು. ಹುಡುಗ ಉರಿದುಬಿದ್ದ. ಸಂಜೆ ಅವನನ್ನು ಜವರಯ್ಯನ ಪಕ್ಕ ಕೂರಿಸಿ ಕಾಫಿ ಕೊಟ್ಟರು, ಅಷ್ಟೆ. ಗಾಂಜಾ ಬಿಟ್ಟವನಿಗೆ ಮೊದಮೊದಲು ನಿದ್ದೆಯಿಲ್ಲ, ಸಿಡುಕು. ಎರಡು ಸಲ ಜೀಪು ಹತ್ತಿಸಿ ಅದೇ ಡಾಕ್ಟರ ಬಳಿಗೂ ಕರೆದೊಯ್ದರು.

ಇವತ್ತು ಅವನ ಸರದಿ. ಮೊದಲ ಸುತ್ತು, ಎರಡನೇ ಸುತ್ತು, ಬಿಗಿತ. ದೇವರಾಜ ಎಳೆದು ನೋಡುತ್ತಾರೆ. "ಏಣಿ ಹತ್ತು" ಎನ್ನುತ್ತಾರೆ. ಬುಡ ಹಿಡಿಯಲು ಬೇರೆಯವರನ್ನು ಕರೆಯುವುದಿಲ್ಲ, ತಾವೇ ಹಿಡಿಯುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ ಮೇಲೆ ನೋಡುತ್ತಲೇ ಹೇಳುತ್ತಾರೆ: "ಸಂಜೆ ಹನ್ನೊಂದು ಜನಾನೂ ತಮ್ಮ ಕಾಲ್ಮೇಲೆ ಮನೆಗೆ ನಡ್ಕೊಂಡು ಹೋದ್ರೆ ಸಾಕು."

ಮಂಜಿನೊಳಗಿಂದ ಪ್ರಶಾಂತ್ ಕೂಗುತ್ತಾನೆ: "ದೇವರಾಜಣ್ಣಾ, ಕಟ್ಟಿದೆ! ಕೈ ನಡುಗ್ತಾ ಇಲ್ಲ!"

"ಗೊತ್ತು ಮಾರಾಯ" ಎನ್ನುತ್ತಾರೆ ದೇವರಾಜ, ಬಿದಿರನ್ನು ಬಿಡದೆ. "ಏಣಿ ನನ್ನ ಕೈಲೇ ಉಂಟಲ್ಲ."