ಚಂಪಾ ಸತ್ತ ಮನೆ

ನಿನ್ನೆ ಮೊಮ್ಮಗಳು ನೋಡುತ್ತಿದ್ದ ಧಾರಾವಾಹಿ ಮುಗಿಯಿತು. ಊಟ ಬೇಡವೆಂದು ಕೋಣೆಯ ಬಾಗಿಲು ಹಾಕಿಕೊಂಡಳು. ನನಗೆ ಚಿಕ್ಕಂದಿನಲ್ಲಿ ಹೊರ್ತಿ ಊರಿನ ನಮ್ಮ ಪಡಸಾಲೆಯಲ್ಲಿ ರೇಡಿಯೊ ಬಿಸಿಯಾದಾಗ ಬರುತ್ತಿದ್ದ ಸುಟ್ಟ ಧೂಳಿನ ವಾಸನೆ ಮೂಗಿಗೆ ಬಡಿದಂತಾಯಿತು.

ಓಣಿಗೆಲ್ಲ ಅದೊಂದೇ ರೇಡಿಯೊ. ವಾರಕ್ಕೊಮ್ಮೆ ಸಂಜೆ ಬರುತ್ತಿದ್ದ ನಾಟಕದ ಚಂಪಾಳಿಗಾಗಿ ಹೆಂಗಸರೆಲ್ಲ ನಮ್ಮಲ್ಲಿ ಸೇರುತ್ತಿದ್ದರು. ಕೊನೆಯ ವಾರ ಅವಳಿಗೆ ಜ್ವರ ಏರಿತು. ಮಾತಿನ ನಡುವೆಯೇ ಅವಳ ದನಿ ನಿಂತುಹೋಯಿತು. ಸಿಡುಕಿನ ಅಜ್ಜ ರೇಡಿಯೊ ಆರಿಸಿದ. ಹೆಂಗಸರು ಎದ್ದು ಹೋದರು.

ಅವ್ವ ಆಗಷ್ಟೇ ಒಲೆ ಹಚ್ಚಿದ್ದಳು. ಎದುರುಮನೆಯ ಕಾಶವ್ವ ರೊಟ್ಟಿ, ಝುಣಕದ ಬುಟ್ಟಿ ಹಿಡಿದು ಬಂದಳು. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರೇ ಊಟ ತರುತ್ತಾರೆ.

"ನಮ್ಮನ್ಯಾಗ ಯಾರ ಸತ್ತಾರ?" ಅಜ್ಜನ ದನಿ ಗಡುಸಾಗಿತ್ತು. ಅವ್ವ ನನ್ನ ಕೈ ಬಿಗಿಯಾಗಿ ಹಿಡಿದಳು.

ಕಾಶವ್ವ ಬುಟ್ಟಿ ಕೆಳಗಿಡಲಿಲ್ಲ. "ಚಂಪಾ ನಿಮ್ಮನ್ಯಾಗ ಸತ್ತಾಳಲ್ಲರಿ. ರೊಟ್ಟಿ ಮತ್ಯಾರ ಮನಿಗಿ ಒಯ್ಯಲಿ?"

ಅಜ್ಜ ರೇಡಿಯೊ ಕಡೆ ನೋಡಿದ. ಆಮೇಲೆ ಅವ್ವನ ಕಡೆ ತಿರುಗಿ, "ಒಲಿ ಆರಸು" ಅಂದ.

ನಿನ್ನೆ ರೊಟ್ಟಿ, ಝುಣಕ ಹಿಡಿದು ಮೊಮ್ಮಗಳ ಬಾಗಿಲು ಬಡಿದೆ. "ಯಾರ ಹೋದ್ರವಾ?" ಅಂತ ಕೇಳಿದೆ.

ಬಾಗಿಲು ತೆರೆದು, ಅಳುತ್ತ ಹೆಸರು ಹೇಳಿದಳು.