ಅಟ್ಟದಲ್ಲಿ ಬೂಷ್ಟು ಉಜ್ಜಿದವರು

ಇದನ್ನು ಯಾರಿಗಾದರೂ ನಂಬಿಸಲೇಬೇಕೆಂಬ ಹಟ ನನಗಿಲ್ಲ. ವಾದ ಮಾಡುವಷ್ಟು ತ್ರಾಣವೂ ಇಲ್ಲ. ಆದರೆ ಆ ರಾತ್ರಿ ನಾನು ಕೇಳಿದ್ದು ಕನಸಲ್ಲ, ಮೂಗಿಗೆ ಬಡಿದ ವಾಸನೆ ಭ್ರಮೆಯಲ್ಲ. ನಡೆದದ್ದನ್ನು ನಡೆದಂತೆಯೇ ಹೇಳಿ ಸುಮ್ಮನಾಗುತ್ತೇನೆ...

ನಾವು ವಿಜಯಪುರದ ಕಡೆಯವರು. ಪುಣೆಗೆ ಬಂದು ಹನ್ನೆರಡು ವರ್ಷವಾಯಿತು. ನಮ್ಮವರಿಗೆ ಚಾಕಣದ ಒಂದು ಕಾರ್ಖಾನೆಯಲ್ಲಿ ಕೆಲಸ, ತಿಂಗಳಲ್ಲಿ ಎರಡು ವಾರ ರಾತ್ರಿ ಪಾಳಿ. ನಾನು ಕನ್ನಡಕದ ಅಂಗಡಿಯೊಂದರಲ್ಲಿ ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಕೌಂಟರಿನ ಹಿಂದೆ ನಿಲ್ಲುವವಳು. ಮಗಳು ಅನಘಾ ಆಗ ನಾಲ್ಕನೆಯ ತರಗತಿಯಲ್ಲಿದ್ದಳು. ಹಳೆಯ ಪೇಠೆಯ ಇಕ್ಕಟ್ಟಾದ ಓಣಿಯಲ್ಲಿ, ಹೆಂಚಿನ ಮನೆಯೊಂದರ ಮೇಲಂತಸ್ತು ನಮ್ಮದು. ಕೆಳಗೆ ಮನೆಯ ಒಡತಿ. ಎಂಬತ್ತು ದಾಟಿದ ಮರಾಠಿ ಹೆಂಗಸು, ಒಬ್ಬರೇ ಇರುತ್ತಾರೆ. ಓಣಿಯವರೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ.

ಆ ವರ್ಷ ಮಳೆಗಾಲವಿಡೀ ಅನಘಾ ಕೆಮ್ಮುತ್ತಲೇ ಇದ್ದಳು. ಹಗಲು ಅಷ್ಟಾಗಿ ಇಲ್ಲ, ಮಲಗಿದರೆ ಸಾಕು ಶುರು. ಎದೆಯೊಳಗೆ ಸಿಳ್ಳೆ ಹೊಡೆದಂಥ ಸದ್ದು. ಅವಳ ಬೆನ್ನು ತೀಡುತ್ತ ಕೂತೇ ನಾನು ನಿದ್ದೆ ಮಾಡುತ್ತಿದ್ದೆ. ಔಷಧ ಬದಲಾಯಿತು, ಡಾಕ್ಟರು ಬದಲಾದರು. ಕೊನೆಗೆ ಒಬ್ಬ ಡಾಕ್ಟರಮ್ಮ ಔಷಧದ ಚೀಟಿ ಬರೆಯುವುದನ್ನು ನಿಲ್ಲಿಸಿ, ಮನೆಯಲ್ಲಿ ಎಲ್ಲಾದರೂ ಬೂಷ್ಟು ಹಿಡಿದಿದೆಯೇ ಎಂದು ಕೇಳಿದರು.

ಹಿಡಿದಿತ್ತು. ಮಗಳ ಹಾಸಿಗೆಯ ನೇರ ಮೇಲಿನ ಸೂರಿನ ಹಲಗೆಯ ಮೂಲೆಯಲ್ಲಿ ಸಾಸಿವೆ ಎರಚಿದಂತೆ ಕಪ್ಪು ಚುಕ್ಕೆಗಳಿದ್ದವು. ನಾನು ಅದನ್ನು ಹಳೆಯ ಹೊಗೆಯ ಮಸಿ ಎಂದುಕೊಂಡಿದ್ದೆ. ಅಂದು ಸಂಜೆ ನಮ್ಮವರು ಏಣಿ ಹಾಕಿ ಅಟ್ಟದ ಚೌಕ ಬಾಗಿಲನ್ನು ಮೇಲಕ್ಕೆ ತಳ್ಳಿದರು. ಹಸಿ ಗೋಣಿಚೀಲವನ್ನು ತಿಂಗಳುಗಟ್ಟಲೆ ಮಡಚಿಟ್ಟು ಬಿಚ್ಚಿದರೆ ಬರುತ್ತದಲ್ಲ, ಅಂಥ ವಾಸನೆ ಮುಖಕ್ಕೆ ರಾಚಿತು.

ಟಾರ್ಚ್ ಬಿಟ್ಟು ನೋಡಿದೆವು. ತೊಲೆ, ಜಂತಿ, ಹೆಂಚಿನ ಕೆಳಗಿನ ಹಲಗೆ... ಎಲ್ಲದರ ಮೇಲೂ ಕಪ್ಪು. ಅಲ್ಲಲ್ಲಿ ಹಸಿರು, ಅಲ್ಲಲ್ಲಿ ಹತ್ತಿಯ ಎಳೆಯಂಥ ಬಿಳಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಲೋಳೆಯಂತೆ ಜಾರಿ ಬಂತು. ಹೊಗೆಯ ಮಸಿ ಹಾಗೆ ಬರುವುದಿಲ್ಲ.

ಕಾರಣವೂ ಅಲ್ಲೇ ಸಿಕ್ಕಿತು. ಬಚ್ಚಲಿನ ಉಗಿ ಎಳೆಯುವ ಫ್ಯಾನಿನ ಕೊಳವೆಯನ್ನು ಯಾರೋ ಪುಣ್ಯಾತ್ಮರು ಹೊರಗೆ ಬಿಡದೆ ಅಟ್ಟದೊಳಗೇ ಬಿಟ್ಟಿದ್ದರು. ನಾವು ದಿನಾ ಕಾಯಿಸಿದ ಬಿಸಿನೀರಿನ ಉಗಿಯೆಲ್ಲ ನಮ್ಮ ಮಗಳ ತಲೆಯ ಮೇಲೆಯೇ ಕೂತಿತ್ತು. ಗೋಡೆಯ ಗಾಳಿಕಂಡಿಗಳಿಗೆ ಪಾರಿವಾಳದ ಕಾಟಕ್ಕೆಂದು ಹಲಗೆ ಬಡಿದಿದ್ದರು. ಎರಡು ಹೆಂಚು ಒಡೆದಿದ್ದವು.

ಮರುದಿನವೇ ಅನಘಾಳನ್ನು ದೌಂಡದಲ್ಲಿರುವ ನಾದಿನಿಯ ಮನೆಗೆ ಕಳಿಸಿದೆವು. ನಾಲ್ಕು ದಿನ ಶಾಲೆಗೆ ರಜೆ ಇತ್ತು. ಪ್ಲಂಬರ್ ಬಂದು ಕೊಳವೆಯನ್ನು ಗೋಡೆಯಾಚೆಗೆ ಒಯ್ದ, ಹೆಂಚೂ ಬದಲಾದವು. ಆದರೆ ಬೂಷ್ಟು ತೆಗೆಯುವವನು ಎರಡು ವಾರ ಬಿಟ್ಟು ಬರುತ್ತೇನೆಂದ. ಅಷ್ಟು ದಿನ ಕಾಯುವ ಹಾಗಿರಲಿಲ್ಲ. ನಾವೇ ಮಾಡುವುದೆಂದಾಯಿತು.

ಒಣಗಿದ್ದನ್ನು ಕೆರೆದರೆ ಪುಡಿ ಮನೆಯೆಲ್ಲ ಹಾರುತ್ತದೆ, ಮೊದಲು ನೆನೆಸಬೇಕು ಎಂದು ಅವನೇ ಹೇಳಿಹೋಗಿದ್ದ. ಬಿಳಿ ವಿನೆಗರ್ ಸಿಂಪಡಿಸಿ ಒಂದು ತಾಸು ಬಿಡುವುದು, ಸಾಬೂನು ನೀರಿನಲ್ಲಿ ಬ್ರಷ್ಷಿನಿಂದ ಉಜ್ಜುವುದು, ಒರೆಸುವುದು, ಫ್ಯಾನ್ ಹಚ್ಚಿ ಒಣಗಿಸುವುದು. ಮೂಗಿಗೆ ದಪ್ಪ ಮಾಸ್ಕ್, ಕೈಗೆ ರಬ್ಬರ್ ಗವಸು, ಕಣ್ಣಿಗೆ ಅಂಗಡಿಯಿಂದ ತಂದ ಮುಚ್ಚುಗನ್ನಡಕ. ಅಟ್ಟದಲ್ಲಿದ್ದ ಹಳೆಯ ಗಾದಿ, ರಟ್ಟಿನ ಡಬ್ಬಗಳನ್ನೆಲ್ಲ ಚೀಲದಲ್ಲಿ ಬಿಗಿದು ಎಸೆದೆವು.

ಎರಡು ದಿನ ಹಾಗೇ ನಡೆಯಿತು. ಅವರು ಪಾಳಿಗೆ ಹೊರಡುವ ಮುಂಚೆ ಒಂದಿಷ್ಟು, ನಾನು ಅಂಗಡಿಯಿಂದ ಬಂದ ಮೇಲೆ ಒಂದಿಷ್ಟು. ಕುತ್ತಿಗೆ ಮೇಲೆತ್ತಿ ಉಜ್ಜಿ ಉಜ್ಜಿ ಭುಜ ಕಳಚಿ ಬೀಳುವಂತಾಗಿತ್ತು. ಊಟದ ತುತ್ತು ಕಲಸಲು ಬೆರಳು ಮಡಚುತ್ತಿರಲಿಲ್ಲ.

ಮೂರನೆಯ ದಿನಕ್ಕೆ ಉಳಿದದ್ದು ಉತ್ತರದ ಇಳಿಜಾರು ಮಾತ್ರ. ಅದೇ ಎಲ್ಲಕ್ಕಿಂತ ಕೆಟ್ಟದ್ದು. ಅತ್ತ ಕೆಳಗೆ ಕಾಲಿಡಲು ಹಲಗೆಯೇ ಇರಲಿಲ್ಲ, ಬರೀ ತೊಲೆಗಳು. ತಪ್ಪಿದರೆ ಕಾಲು ಕೋಣೆಯ ತೆಳು ಸೂರು ಒಡೆದು ಕೆಳಗಿಳಿಯುತ್ತಿತ್ತು. ನಮ್ಮವರು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು:

"ಅದರ ತಂಟೆಗೆ ನೀ ಹೋಗಬ್ಯಾಡ. ಇವತ್ತ ಅರ್ಧ ಪಾಳಿ ಸೂಟಿ ಕೇಳ್ತೀನಿ. ಸಿಕ್ಕರ ಹನ್ನೆರಡರೊಳಗ ಬಂದು ನಾನ ಮುಗಸ್ತೀನಿ. ನಾಳೆ ಕೂಸು ಬರೂದದ."

ನಾನು ತಲೆಯಾಡಿಸಿದೆ.

ಅಂದು ರಾತ್ರಿ ದಕ್ಷಿಣದ ಕಡೆಯ ಕೊನೆಯ ಜಂತಿ ಒರೆಸಿ ಇಳಿದಾಗ ಹನ್ನೊಂದು ಆಗಿತ್ತು. ಅಟ್ಟದ ಬಲ್ಬಿನ ವೈರನ್ನು ನನ್ನ ಮಂಚದ ಪಕ್ಕದ ಪ್ಲಗ್ಗಿಗೆ ಹಾಕಿದ್ದೆವು, ಅದನ್ನು ಕಿತ್ತೆ. ಏಣಿ ಮಲಗುವ ಕೋಣೆಯಲ್ಲೇ ಇತ್ತು, ಅಟ್ಟದ ಬಾಗಿಲು ತೆರೆದೇ ಇತ್ತು. ಮುಖ ತೊಳೆದು, ಊಟವನ್ನೂ ಮಾಡದೆ ಬಿದ್ದುಕೊಂಡೆ.

ಎಷ್ಟು ಹೊತ್ತಾಗಿತ್ತೋ ಗೊತ್ತಿಲ್ಲ...

ಸರ್... ಸರ್... ಸರ್...

ಮೊದಲು ಅದು ನನ್ನ ಕಿವಿಯೊಳಗೇ ಉಳಿದ ಸದ್ದು ಎಂದುಕೊಂಡೆ. ಮೂರು ದಿನ ಅದನ್ನೇ ಕೇಳಿದ್ದೆನಲ್ಲ. ಆದರೆ ಅದು ನಿಲ್ಲುತ್ತಿತ್ತು. ಬ್ರಷ್ ಬಕೆಟ್ಟಿನಲ್ಲಿ ಅದ್ದಿದ ಸದ್ದು, ಅಂಚಿಗೆ ಎರಡು ಸಲ ತಟ್ಟಿದ ಸದ್ದು. ಮತ್ತೆ ಸರ್... ಸರ್...

ನಮ್ಮವರು ಬಂದರು, ಸೂಟಿ ಸಿಕ್ಕಿತು ಎಂದು ನೆಮ್ಮದಿಯಾಯಿತು. ನಾನೇ ಎದ್ದು ಬಾಗಿಲು ತೆಗೆದದ್ದೂ ನೆನಪಿರದಷ್ಟು ನಿದ್ದೆ ಹತ್ತಿತ್ತಲ್ಲ ಎಂದುಕೊಂಡೆ. ಎದ್ದು ಹೋಗಿ ಒಂದು ಲೋಟ ನೀರಾದರೂ ಕೊಡಬೇಕಿತ್ತು. ಏಳಲಾಗಲಿಲ್ಲ. ನಿಜ ಹೇಳಬೇಕೆಂದರೆ, ಏಳಬೇಕು ಅನ್ನಿಸಲಿಲ್ಲ. ಯಾರೋ ನನ್ನ ಪಾಲಿನ ಕೆಲಸ ಮಾಡುತ್ತಿದ್ದಾರೆ, ನಾನು ಮಲಗಿದ್ದೇನೆ... ಎಷ್ಟೋ ವರ್ಷಗಳಿಂದ ಸಿಗದ ಸುಖ ಅದು.

ಉಜ್ಜುವ ಲಯ ಮಾತ್ರ ವಿಚಿತ್ರವಾಗಿತ್ತು. ನಮ್ಮವರದು ಆತುರದ ಕೈ. ಇದು ನಿಧಾನ. ಐದಾರು ಸಲ ಉಜ್ಜಿ ನಿಲ್ಲುವುದು, ಉಸಿರು ತೆಗೆದುಕೊಳ್ಳುವುದು, ಮತ್ತೆ ಉಜ್ಜುವುದು. ದಣಿದು ದಣಿದು, ದಣಿವೇ ರೂಢಿಯಾದವರ ಹಾಗೆ.

ಅದು ಮುಗಿಯುವ ಹಾಗೆಯೇ ಕಾಣಲಿಲ್ಲ. ಕನಿಕರವಾಯಿತು. ಕಣ್ಣು ಮುಚ್ಚಿಕೊಂಡೇ ಕರೆದೆ:

"ಸಾಕು ಬಿಡ್ರಿ. ಬಂದು ಮಲ್ಕೋರಿ."

ಸದ್ದು ನಿಂತಿತು.

ಸ್ವಲ್ಪ ಹೊತ್ತಿನ ಮೇಲೆ ಮೇಲಿನಿಂದ, ಮಾಸ್ಕಿನ ಒಳಗಿನಿಂದ ಬಂದಂತೆ ಮಂದವಾದ ದನಿ: "ಥೋಡಂಚ್ ರಾಹಿಲಂಯ್..."

ಸ್ವಲ್ಪವೇ ಉಳಿದಿದೆ, ಎಂದು. ನನಗೆ ಅರ್ಥವಾಯಿತು, ಹೂಂಗುಟ್ಟಿದೆ. ಮರಾಠಿಯಲ್ಲಿ ಹೇಳಿದರು ಎಂಬುದು ತಲೆಗೇ ಹೋಗಲಿಲ್ಲ. ಹಗಲೆಲ್ಲ ಅಂಗಡಿಯಲ್ಲಿ ಕೇಳುವ ಭಾಷೆ, ಕಿವಿ ಅದನ್ನು ಬೇರೆ ಎಂದು ಗುರುತಿಸುವುದೇ ಇಲ್ಲ. ಆದರೆ ನಮ್ಮವರು ಮನೆಯೊಳಗೆ ಇವತ್ತಿನ ತನಕ ನನ್ನ ಜೊತೆ ಒಂದು ಮಾತು ಮರಾಠಿಯಲ್ಲಿ ಆಡಿದವರಲ್ಲ...

ಮತ್ತೆ ಸರ್... ಸರ್... ಆಮೇಲೆ ಅದೂ ನಿಂತಿತು.

ಏಣಿಯ ಮೆಟ್ಟಿಲು ಒಂದೊಂದಾಗಿ ಕಿರುಗುಟ್ಟಿತು. ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಊರಿ, ನಿಂತು, ಇಳಿದಂತೆ. ಕೋಣೆಯೊಳಗೆ ಹಸಿ ಸುಣ್ಣದ, ವಿನೆಗರಿನ, ಅದರಡಿಯಲ್ಲಿ ಆ ಗೋಣಿಚೀಲದ ವಾಸನೆ ತುಂಬಿತು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಬೆನ್ನ ಹಿಂದೆ ಮಂಚ ಮೆಲ್ಲಗೆ ತಗ್ಗಿತು.

ಒಂದು ನಿಟ್ಟುಸಿರು. ದಿನವಿಡೀ ನಿಂತವರು ಮೊದಲ ಸಲ ಕೂತಾಗ ಬಿಡುತ್ತಾರಲ್ಲ, ಅಂಥದ್ದು.

ಕೈ ಹಿಂದೆ ಚಾಚಿ, ನನ್ನ ಹೊದಿಕೆಯ ಅರ್ಧವನ್ನು ಆ ಕಡೆ ಹೊದಿಸಿದೆ. ಬೆರಳಿಗೆ ತಣ್ಣನೆಯ ಒದ್ದೆ ಬಟ್ಟೆ ತಾಕಿತು. ಬಟ್ಟೆಯನ್ನೂ ಬದಲಿಸದೆ ಬಿದ್ದುಕೊಂಡರಲ್ಲ ಪಾಪ ಎಂದುಕೊಂಡು ನಿದ್ದೆಹೋದೆ.

ಬೆಳಗ್ಗೆ ಬಾಗಿಲು ಬಡಿದ ಸದ್ದಿಗೆ ಎಚ್ಚರವಾಯಿತು. ಏಳು ಗಂಟೆ. ಬಾಗಿಲ ಒಳಚಿಲಕ ನಾನು ಹಾಕಿದಂತೆಯೇ ಇತ್ತು. ತೆಗೆದೆ. ನಮ್ಮವರು ಒಂದು ಕೈಯಲ್ಲಿ ಹಾಲಿನ ಪ್ಯಾಕೆಟ್, ಇನ್ನೊಂದರಲ್ಲಿ ಡಬ್ಬಿಯ ಚೀಲ ಹಿಡಿದು ನಿಂತಿದ್ದರು. ಕಣ್ಣು ಕೆಂಪಾಗಿದ್ದವು.

"ಸೂಟಿ ಕೊಡಲಿಲ್ಲ ನೋಡು," ಎಂದರು. "ಈಗ ಬಸ್ ಇಳದು ಬರಾಕತ್ತೀನಿ."

ಒಳಗೆ ಬಂದು ಮಂಚ ನೋಡಿದೆ. ಅವರ ಬದಿಯ ಚಾದರ ಉದ್ದಕ್ಕೆ ಒದ್ದೆಯಾಗಿತ್ತು. ತಲೆದಿಂಬಿನ ಮೇಲೆ ಕಪ್ಪು ಮಸಿಯಂಥ ಪುಡಿ ಇತ್ತು. ಅವರು ಬಚ್ಚಲಿಗೆ ಹೋಗಿದ್ದರು, ಬರುವುದರೊಳಗೆ ಚಾದರ, ದಿಂಬಿನ ಚೀಲ ಎರಡನ್ನೂ ಎಳೆದು ಬಕೆಟ್ಟಿಗೆ ಹಾಕಿ ನೀರು ಸುರಿದೆ. ಯಾಕೆ ಹಾಗೆ ಮಾಡಿದೆನೋ ಇಂದಿಗೂ ತಿಳಿಯದು. ಏನೋ ತಪ್ಪು ಮಾಡಿದವಳ ಹಾಗೆ ಎರಡನ್ನೂ ಒತ್ತಿ ಒತ್ತಿ ಮುಳುಗಿಸಿದೆ.

ಆಮೇಲೆ ಅವರು ಟಾರ್ಚ್ ಹಿಡಿದು ಅಟ್ಟ ಹತ್ತಿದರು. ಅಲ್ಲಿಂದಲೇ ನನ್ನನ್ನು ಕರೆದರು. ಪ್ಲಗ್ ಹಾಕಿ ಹತ್ತಿದೆ. ಹಾಕುವಾಗಲೇ ಹೊಳೆಯಿತು, ವೈರು ನಾನು ಕಿತ್ತಿಟ್ಟ ಹಾಗೆಯೇ ನೆಲದ ಮೇಲಿತ್ತು. ರಾತ್ರಿ ಅಲ್ಲಿ ಬೆಳಕೇ ಇರಲಿಲ್ಲ.

ಉತ್ತರದ ಇಳಿಜಾರು ಪೂರ್ತಿ ಸ್ವಚ್ಛವಾಗಿತ್ತು. ಮೇಲಿನ ನೆತ್ತಿಯ ತೊಲೆಯವರೆಗೆ, ಸಂದುಗೊಂದುಗಳ ತನಕ ಒಂದು ಚುಕ್ಕೆ ಉಳಿದಿರಲಿಲ್ಲ. ಹಳೆಯ ಸಾಗುವಾನಿಯ ಎಳೆಗಳು ಎದ್ದು ಕಾಣುತ್ತಿದ್ದವು. ಬಕೆಟ್ಟಿನ ನೀರು ಡಾಂಬರಿನಂತಿತ್ತು. ಬ್ರಷ್ಷಿನ ಕೂದಲು ಮರದ ತನಕ ಸವೆದಿತ್ತು.

ಮೊಳೆಗೆ ಎರಡು ಮಾಸ್ಕ್ ನೇತಾಡುತ್ತಿದ್ದವು. ಒಂದು ನನ್ನದು, ಒಣಗಿತ್ತು. ಇನ್ನೊಂದು ಹೊಸದು, ನಾವು ಪೊಟ್ಟಣದಿಂದ ತೆಗೆದೇ ಇರಲಿಲ್ಲ. ಅದರ ಒಳಬದಿ ಮುಟ್ಟಿದೆ... ಒದ್ದೆಯಾಗಿತ್ತು. ಉಸಿರಿನಿಂದ ಆಗುವಂಥ ಒದ್ದೆ.

"ನಿನಗ ಬ್ಯಾಡ ಅಂದಿದ್ದೆ," ಎಂದರು ನಮ್ಮವರು. ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. "ಬಿದ್ದಿದ್ದರ ಏನಾಗತಿತ್ತು?"

ನಾನು ಉಜ್ಜಿಲ್ಲ, ರಾತ್ರಿ ಸದ್ದು ಕೇಳಿದೆ, ನೀವೆಂದುಕೊಂಡು ಮಾತಾಡಿಸಿದೆ, ಮರಾಠಿಯಲ್ಲಿ ಉತ್ತರ ಬಂತು ಎಂದೆಲ್ಲ ಹೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ದಣಿವಿನ ಅಮಲಿನಲ್ಲಿ ನಾನೇ ಹತ್ತಿ ಉಜ್ಜಿ ಮರೆತಿದ್ದೇನೆ ಎಂದರು. ಆ ನೆತ್ತಿಯ ತೊಲೆ ನನಗೆ ಎಟಕುವುದಾದರೂ ಹೇಗೆ ಎಂದೆ. ಅವರು ಬಕೆಟ್ ಎತ್ತಿಕೊಂಡು ಏಣಿ ಇಳಿದರು. ಮಂಚದ ವಿಷಯ ಮಾತ್ರ ನಾನು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಸಂಜೆ ಅನಘಾ ಬಂದಳು. ಆ ರಾತ್ರಿ ಒಂದೆರಡು ಸಲ ಕೆಮ್ಮಿದಳು, ವಾರದೊಳಗೆ ಅದೂ ನಿಂತಿತು. ಗಾಳಿಕಂಡಿಗಳ ಹಲಗೆ ತೆಗೆದು ಜಾಲರಿ ಹಾಕಿಸಿದೆವು, ತೊಲೆಗಳಿಗೆ ಬೂಷ್ಟು ಹಿಡಿಯದ ಬಣ್ಣ ಬಳಿಸಿದೆವು. ಉತ್ತರದ ಕಡೆ ಬಣ್ಣ ಹಚ್ಚುವುದು ಬೇಡ ಎಂದೆ. ಈಗ ಮಳೆಗಾಲ ಬಂದರೆ ನಮ್ಮವರು ತಿಂಗಳಿಗೊಮ್ಮೆ ಹತ್ತಿ ನೋಡುತ್ತಾರೆ. ನಾವು ಉಜ್ಜಿ, ಬಣ್ಣ ಬಳಿಸಿದ ಕಡೆ ಅಲ್ಲೊಂದು ಇಲ್ಲೊಂದು ಚುಕ್ಕೆ ಬರುತ್ತದೆ, ಒರೆಸುತ್ತೇವೆ. ಉತ್ತರದ ಬರೀ ಮರದ ಮೇಲೆ ಒಂದೂ ಬಂದಿಲ್ಲ.

ಒಮ್ಮೆ ಕಾಕುವನ್ನು ಕೇಳಿದೆ. ನಮಗಿಂತ ಮುಂಚೆ ಇಲ್ಲಿ ಯಾರಾದರೂ ಅಟ್ಟ ಉಜ್ಜುತ್ತಿದ್ದರಾ ಎಂದು. ಅವರು ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

"ಜೋ ಯೇತೋ ತೋ ಘಾಸ್ತೋಚ್," ಎಂದರು. ಬಂದವರೆಲ್ಲ ಉಜ್ಜುವವರೇ, ಎಂದು. ಯಾರು, ಯಾವಾಗ ಎಂದು ಮತ್ತೆ ಕೇಳಿದರೆ, ಸೊಪ್ಪಿನ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಮನೆ ಬಿಡಬೇಕೆಂದು ಅನ್ನಿಸಿದ್ದುಂಟು. ಆದರೆ ಮಗಳು ಚೆನ್ನಾಗಿದ್ದಾಳೆ, ಶಾಲೆ ಹತ್ತಿರ, ಇನ್ನೊಂದು ಮನೆ ಹುಡುಕುವ ಚೈತನ್ಯ ನಮ್ಮಿಬ್ಬರಲ್ಲೂ ಇಲ್ಲ. ಮತ್ತೆ ಆ ಸದ್ದು ಕೇಳಿಲ್ಲ. ನನ್ನನ್ನು ಕಾಡುವುದು ಸದ್ದಲ್ಲ. ನಾನು ಬಾ ಎಂದು ಕರೆದೆ, ಅದು ಬಂತು. ಹೋದದ್ದನ್ನು ನಾನು ಕೇಳಲಿಲ್ಲ...

ಹೋದ ತಿಂಗಳು ಒಂದು ರಾತ್ರಿ ನಮ್ಮವರಿಗೆ ನಿಜವಾಗಿಯೂ ಅರ್ಧ ಪಾಳಿ ಸೂಟಿ ಸಿಕ್ಕಿತ್ತು. ನಾನು ನಿದ್ದೆಗಣ್ಣಲ್ಲೇ ಎದ್ದು ಚಿಲಕ ತೆಗೆದು, ಕತ್ತಲಲ್ಲೇ ಬಂದು ಮಲಗಿದ್ದೆ. ಬಚ್ಚಲಿನಲ್ಲಿ ನೀರಿನ ಸದ್ದು ಕೇಳುತ್ತ ಮತ್ತೆ ಜೊಂಪು ಹತ್ತಿತು. ಬೆನ್ನ ಹಿಂದೆ ಮಂಚ ತಗ್ಗಿದಾಗ ಎಚ್ಚರವಾಯಿತು.

"ಯಾರು?" ಎಂದೆ.

"ಯಾರಿರತಾರ? ನಾನ."

ಅಷ್ಟು ಸಾಲಲಿಲ್ಲ ನನಗೆ. "ಇನ್ನೊಂದ್ ಏನರೆ ಮಾತಾಡ್ರಿ," ಎಂದೆ.

"ಏನ್ ಮಾತಾಡ್ಲಿ? ಸಾಕಾಗೇದ, ಮಲ್ಕೋ," ಎಂದರು. ಆಮೇಲೆ ಒಂದು ನಿಟ್ಟುಸಿರು ಬಿಟ್ಟರು.

ನಾನು ಕೈ ಚಾಚಿ ದೀಪ ಹಾಕಿದೆ. ಅವರೇ ಇದ್ದರು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು. ಆದರೂ ಆ ರಾತ್ರಿ ದೀಪ ಆರಿಸಲು ನನ್ನಿಂದ ಆಗಲಿಲ್ಲ.