ನೋಡಿದ ಮುಖ

ಮೂಲೆ ಅಂಗಡಿಯ ಮಾವ ನನಗೆ ಕೊಡಬೇಕಾದ ಚಿಲ್ಲರೆ ಇನ್ನೂ ಬಾಕಿ ಇದೆ. ನಾನೇ ಅಂದುಕೊಂಡು ಅದನ್ನು ಇನ್ಯಾರದೋ ಕೈಗಿಟ್ಟಿದ್ದಾನೆ. ಗಿರಾಕಿ ಯಾರೇ ಬರಲಿ, ಕನ್ನಡಕ ಹಣೆಗೇರಿಸಿ, ಕಣ್ಣು ಕಿರಿದು ಮಾಡಿ, ‘ಓಹೋ, ನೋಡಿದ ಮುಖ!’ ಅನ್ನುವುದೇ ಅವನ ನಮಸ್ಕಾರ. ಸಿಲಿಂಡರ್ ಹೊರುವವನನ್ನು ‘ಮೇಷ್ಟ್ರೇ’ ಎಂದು ಕರೆದು ಮಕ್ಕಳ ಪರೀಕ್ಷೆಯ ವಿಚಾರ ಕೇಳುತ್ತಾನೆ. ನನ್ನನ್ನು ನನ್ನ ಸತ್ತ ತಮ್ಮನೆಂದು ತಿಳಿದು, ‘ನಿಮ್ಮಣ್ಣ ಹೇಗಿದಾನೆ?’ ಅನ್ನುತ್ತಾನೆ. ‘ಅವನಲ್ಲ ಮಾವ, ನಾನು’ ಅಂದರೆ, ‘ನನ್ನ ಕಣ್ಣಿಗೇ ಮಣ್ಣೆರಚ್ತೀಯೇನೋ?’ ಎಂದು ಗದರುತ್ತಾನೆ. ಬೀದಿಯೆಲ್ಲ ನಗುತ್ತದೆ. ಇಂಥವನನ್ನು ಪೊಲೀಸರು ಅಂಗಡಿಯೆದುರು ಯಾರೋ ಗಾಂಜಾ ಮಾರಿದ ಕೇಸಿಗೆ ಸಾಕ್ಷಿ ಮಾಡಿದರು. ಕಟಕಟೆಯಲ್ಲಿ ಒಬ್ಬನೇ ನಿಂತಿದ್ದ ಆರೋಪಿ ಪೇಂಟರನ್ನು ತೋರಿಸಿ, ‘ಪೊಟ್ಟಣ ಮಾರಿದ್ದು ಇವನೇನಾ?’ ಎಂದು ಸರ್ಕಾರಿ ವಕೀಲರು ಕೇಳಿದಾಗಲೂ ಮಾವ ಕನ್ನಡಕ ಹಣೆಗೇರಿಸಿ, ‘ಓಹೋ, ನೋಡಿದ ಮುಖ!’ ಅಂದ. ದಾಖಲೆಯಲ್ಲಿ ಅದು ‘ಸಾಕ್ಷಿಯು ಆರೋಪಿಯನ್ನು ಗುರುತಿಸಿದರು’ ಎಂದಾಯಿತು. ಬೇರೆ ಸಾಕ್ಷಿ ಇರಲಿಲ್ಲ. ಪೇಂಟರಿಗೆ ಹತ್ತು ವರ್ಷ ಜೈಲಾಯಿತು. ತೀರ್ಪಿನ ಮರುದಿನ ಅವನ ತಾಯಿ ಬೈಯಲೆಂದೇ ಅಂಗಡಿಗೆ ಹೋದಳು. ಮಾವ ಸ್ಟೂಲು ಎಳೆದು ಹಾಕಿ, ನೀರು ಕೊಟ್ಟು, ‘ಯಾಕವ್ವ ಇಷ್ಟು ಸೊರಗಿದೀಯಾ? ಹೋದ ವರ್ಷ ನಿನ್ನ ಮಗ ನನ್ನ ಅಂಗಡಿಗೆ ಬಣ್ಣ ಹೊಡೆದನಲ್ಲ, ಎಷ್ಟು ಚೆನ್ನಾಗಿತ್ತು! ಈ ಸಲವೂ ಅವನನ್ನೇ ಕಳಿಸವ್ವ’ ಅಂದ. ಅವಳು ನೀರು ಕುಡಿದು, ಲೋಟ ವಾಪಸ್ ಕೊಟ್ಟು ಮನೆಗೆ ಬಂದಳು. ಅವಳ ಮಗನ ಮೇಲ್ಮನವಿ ಈಗ ವಿಚಾರಣೆಗೆ ಬಂದಿದೆ. ಆ ಅಂಗಡಿಯೆದುರು ಇನ್ಯಾರೋ ಆಗಿ ನಿಂತು ನಕ್ಕು ಹೋದವರೇ, ನಿಮ್ಮನ್ನು ಅವನು ಯಾರೆಂದು ಕರೆದ ಅಂತ ಕೋರ್ಟಿಗೆ ಬರೆದು ಸಹಿ ಹಾಕುತ್ತೀರೋ, ಇಲ್ಲವೋ?